ಪಾಠ ಶುರುವಾಗಬೇಕಾದ್ದು ಶಾಲೆಯ ವಾಟ್ಸ್‌ಆ್ಯಪ್ ಗುಂಪಿನಿಂದ

ಸಂಪಾದಕರಿಗೆ,

ಮಾನ್ಯರೇ,

ಹದಿನಾರು ವರ್ಷದೊಳಗಿನವರಿಗೆ ಸಾಮಾಜಿಕ ಜಾಲತಾಣ ಬೇಡ ಎನ್ನುವ ಆಸ್ಟ್ರೇಲಿಯಾದ ಕಾನೂನು 2025ರ ಡಿಸೆಂಬರ್ 10ರಂದು ಜಾರಿಗೆ ಬಂತು. ನಮ್ಮಲ್ಲೂ ಅಂಥದ್ದು ಬೇಕೆನ್ನುವವರಿದ್ದಾರೆ. ಬೇಕೋ ಬೇಡವೋ ಎಂಬ ವಾದದಲ್ಲಿ ಒಂದು ಸಂಗತಿ ಬಿಟ್ಟುಹೋಗುತ್ತಿದೆ. ನಮ್ಮ ಎಷ್ಟೋ ಮಕ್ಕಳು ಹಿಡಿಯುವುದು ಸ್ವಂತ ಫೋನನ್ನಲ್ಲ, ಮನೆಯ ಫೋನನ್ನು. ಸಿಮ್ ಅಪ್ಪನ ಹೆಸರಲ್ಲಿದೆ, ವಾಟ್ಸ್‌ಆ್ಯಪ್ ಅಮ್ಮ ನೋಡುವಂಥದ್ದು, ಫೋನ್‌ಪೇ ಅದರಲ್ಲೇ, ರಾತ್ರಿ ಎಂಟಕ್ಕೆ ಹೋಂವರ್ಕ್ ಬರುವುದೂ ಅದಕ್ಕೇ. ವಯಸ್ಸು ಕೇಳುವ ಕಂಪನಿಗೆ ಅಲ್ಲಿ ಕಾಣುವುದು ನಲವತ್ತು ವರ್ಷದ ಗ್ರಾಹಕ. ಆ ಹೋಂವರ್ಕನ್ನು ಫೋನಿಗೆ ಕಳಿಸಿದ್ದು ಶಾಲೆಯೇ.

ಹಾಗಿರುವಾಗ ಡಿಜಿಟಲ್ ಜಗತ್ತಿನಲ್ಲಿ ಹೇಗೆ ನಡೆದುಕೊಳ್ಳಬೇಕೆಂಬ ಪಾಠವನ್ನು ವರ್ಷಕ್ಕೊಂದು ಉಪನ್ಯಾಸ, ಒಂದು ಪ್ರತಿಜ್ಞೆ, ಒಂದು ಪ್ರಬಂಧ ಸ್ಪರ್ಧೆಯಲ್ಲಿ ಮುಗಿಸಿಬಿಟ್ಟರೆ ಮಕ್ಕಳಿಗೆ ಏನೂ ದಕ್ಕುವುದಿಲ್ಲ. ಶಾಲೆ ತಾನು ಫೋನನ್ನು ಹೇಗೆ ಬಳಸುತ್ತದೆ ಎಂಬುದನ್ನು ಮಕ್ಕಳು ದಿನವೂ ನೋಡುತ್ತಿರುತ್ತಾರೆ. ಅಲ್ಲಿಂದಲೇ ಶುರು ಮಾಡಬೇಕು.

ತರಗತಿಯ ವಾಟ್ಸ್‌ಆ್ಯಪ್ ಗುಂಪನ್ನೇ ನೋಡಿ. ಮಾಮೂಲಿ ಗುಂಪಿಗೆ 45 ಪೋಷಕರನ್ನು ಸೇರಿಸಿದರೆ ಪ್ರತಿಯೊಬ್ಬರ ನಂಬರೂ ಉಳಿದ 44 ಮಂದಿಗೆ ಕಾಣುತ್ತದೆ. ಪರಿಚಯವೇ ಇಲ್ಲದವರಿಂದ ತಾಯಂದಿರಿಗೆ ರಾತ್ರಿ ಹನ್ನೊಂದಕ್ಕೆ ‘ಹಾಯ್’ ಬರಲು ಇಷ್ಟು ಸಾಕು. ಇದನ್ನು ತಪ್ಪಿಸಲೆಂದು ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿದರೆ ಇನ್ನೊಂದು ತೊಡಕು. ಶಿಕ್ಷಕರ ನಂಬರನ್ನು ಸೇವ್ ಮಾಡಿಕೊಂಡವರಿಗಷ್ಟೇ ಆ ಸಂದೇಶ ಹೋಗುತ್ತದೆ, ಉಳಿದವರಿಗೆ ಹೋಗಲಿಲ್ಲ ಎಂಬುದು ಶಿಕ್ಷಕರಿಗೆ ಸುಲಭವಾಗಿ ಗೊತ್ತೂ ಆಗುವುದಿಲ್ಲ. ಇದ್ದುದರಲ್ಲಿ ವಾಸಿಯಾದ ದಾರಿ ಎಂದರೆ ವಾಟ್ಸ್‌ಆ್ಯಪ್‌ನಲ್ಲಿ ಒಂದು ‘ಕಮ್ಯುನಿಟಿ’ ಮಾಡಿ, ಅದರ ಪ್ರಕಟಣೆಯ ಗುಂಪನ್ನು ಮಾತ್ರ ಬಳಸುವುದು. ಅಲ್ಲಿ ಪ್ರಕಟಣೆ ಹಾಕುವವರು ಅಡ್ಮಿನ್‌ಗಳು ಮಾತ್ರ, ಪೋಷಕರ ನಂಬರು ಪರಸ್ಪರ ಕಾಣುವುದಿಲ್ಲ. ಹಳೆಯ ಗುಂಪನ್ನೇ ತಂದು ಕಮ್ಯುನಿಟಿಗೆ ಜೋಡಿಸಿದರೆ ಮಾತ್ರ ಆ ಗುಂಪಿನಲ್ಲಿ ನಂಬರುಗಳೆಲ್ಲ ಮೊದಲಿನಂತೆಯೇ ಕಾಣುತ್ತಿರುತ್ತವೆ. ಹಾಗಾಗಿ ಹಳೆಯದನ್ನು ಮುಚ್ಚಿ, ಹೊಸ ಲಿಂಕ್ ಕೊಟ್ಟು ಸೇರಿಸಿಕೊಳ್ಳಬೇಕು.

ಇನ್ನು ಅಂಕಗಳು. ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಪರೀಕ್ಷೆ ಮುಗಿದ ಮೇಲೆ ಇಡೀ ತರಗತಿಯ ಅಂಕಪಟ್ಟಿಯ ಫೋಟೊ ತೆಗೆದು ಗುಂಪಿಗೆ ಹಾಕುವುದು ಕೆಟ್ಟ ರೂಢಿ. ಕಡಿಮೆ ಅಂಕದ ಮಗುವಿನ ಹೆಸರು ಆ ಸಂಜೆಯೇ ಊರೆಲ್ಲ ಸುತ್ತುತ್ತದೆ. ಗೂಗಲ್ ಶೀಟ್ ಕಳಿಸಿದರೂ ಅಷ್ಟೇ. ‘ಲಿಂಕ್ ಇರುವ ಯಾರಾದರೂ’ ಎಂಬ ಆಯ್ಕೆಯ ಜೊತೆ ತಿದ್ದುವ ಅನುಮತಿಯೂ ಇದ್ದರೆ, ಯಾರೋ ಒಬ್ಬರು ಬೆರಳು ತಾಗಿಸಿದರೆ ಒಂದು ಸಾಲೇ ಅಳಿಸಿಹೋಗುತ್ತದೆ. ಆಧಾರ್ ಪ್ರತಿ ಕೇಳಲೇಬೇಕಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮುಸುಕಿನ ಆಧಾರ್ ಇದೆ. ಅದು ಆಧಾರ್ ಕೊಡುವ ಪ್ರಾಧಿಕಾರವಾದ ಯುಐಡಿಎಐ ತಾಣದಲ್ಲೇ ಸಿಗುತ್ತದೆ, ಅದು ಸಾಕಾಗುವ ಕಡೆ ಪೂರ್ತಿ ಪ್ರತಿಯನ್ನು ಕೇಳಬಾರದು.

ಫೋಟೊಗಳ ವಿಷಯದಲ್ಲಿ ತಪ್ಪು ಶಿಕ್ಷಕರೊಬ್ಬರದ್ದೇ ಅಲ್ಲ. ಬಿಸಿಯೂಟ ಬಡಿಸಿದ್ದಕ್ಕೆ ಫೋಟೊ, ಸಮವಸ್ತ್ರ ಕೊಟ್ಟಿದ್ದಕ್ಕೆ ಫೋಟೊ, ದಿನಾಚರಣೆಗೆ ಫೋಟೊ ಎಂದು ಮೇಲಿನಿಂದ ಕೇಳುತ್ತಾರೆ. ಆ ಚಿತ್ರಗಳು ಶಿಕ್ಷಕರ ಸ್ವಂತ ಫೋನಿನ ಗ್ಯಾಲರಿಗೂ ಅಲ್ಲಿಂದ ಅವರ ಗೂಗಲ್ ಫೋಟೋಸ್‌ಗೂ ಹೋಗಿ ವರ್ಷಗಟ್ಟಲೆ ಕೂರುತ್ತವೆ. ಮಗುವಿನ ಮುಖ, ಗುರುತಿನ ಚೀಟಿಯ ಹೆಸರು, ಹಿಂದೆ ಶಾಲೆಯ ಬೋರ್ಡು, ಮೂರೂ ಒಂದೇ ಚೌಕಟ್ಟಿನಲ್ಲಿ ಸಿಕ್ಕರೆ ಅಪರಿಚಿತನಿಗೆ ಬೇಕಾದ್ದೆಲ್ಲ ಸಿಕ್ಕಂತೆ. ತಟ್ಟೆ, ಕೈ, ಬೆನ್ನು, ಪುಸ್ತಕ ಕಾಣುವಂತೆ ತೆಗೆದರೂ ವರದಿಗೆ ಸಾಕಾಗುತ್ತದೆ. ಕ್ಯಾಮೆರಾದ ಸೆಟ್ಟಿಂಗ್‌ನಲ್ಲಿ ಲೊಕೇಶನ್ ಟ್ಯಾಗ್ ಬಂದ್ ಮಾಡಿದರೆ ಚಿತ್ರದ ಜೊತೆ ಜಾಗದ ಗುರುತು ಸೇರುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ‘ಮೀಡಿಯಾ ವಿಸಿಬಿಲಿಟಿ’ ಆಫ್ ಮಾಡಿದರೆ ಬಂದ ಚಿತ್ರಗಳು ಗ್ಯಾಲರಿಗೆ ಸುರಿಯುವುದು ನಿಲ್ಲುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರೆಲ್ಲರನ್ನೂ ಮಕ್ಕಳೆಂದೇ ಎಣಿಸಿ, ಅವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಕಾನೂನು ಒತ್ತಟ್ಟಿಗಿರಲಿ, ನನ್ನ ಫೋಟೊ ಬೇಡ ಎಂದು ಹೇಳುವ ಹಕ್ಕು ಮಗುವಿಗೂ ಇದೆ. ಹಾಗೆ ಹೇಳಿದ ಮಗುವನ್ನು ಎಲ್ಲರೆದುರು ಪಕ್ಕಕ್ಕೆ ನಿಲ್ಲಿಸದೆ ಚಿತ್ರ ತೆಗೆಯುವ ಸೂಕ್ಷ್ಮ ದೊಡ್ಡವರಿಗೆ ಇರಬೇಕು.

ಇವನ್ನೆಲ್ಲ ಶಿಕ್ಷಕರು ಸದ್ದಿಲ್ಲದೆ ಸರಿಪಡಿಸಿಬಿಟ್ಟರೆ ಅರ್ಧ ಲಾಭ ಅಷ್ಟೇ. ಎಂಟನೇ ತರಗತಿಯ ಮಕ್ಕಳ ಕೈಗೇ ಗುಂಪಿನ ನಿಯಮ ಬರೆಯುವ ಕೆಲಸ ಕೊಡಿ. ಯಾವ ಸಂದೇಶ ಎಲ್ಲರಿಗೆ, ಯಾವುದು ಒಬ್ಬರಿಗೆ, ಎಷ್ಟು ಗಂಟೆಯ ನಂತರ ಹಾಕಬಾರದು, ಅಳಿಸಬೇಕಾದ್ದು ಯಾವುದು. ಅವರು ಬರೆದ ನಿಯಮವನ್ನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಓದಿಸಿ ಒಪ್ಪಿಸಿಕೊಂಡರೆ ಪೌರನೀತಿಯ ಪಾಠವೂ ಅಲ್ಲೇ ಆಗುತ್ತದೆ.

ಗಣಕ ಕೊಠಡಿಯ ಬಗ್ಗೆ ಎರಡೇ ಮಾತು. ಪ್ರತಿ ಶಾಲೆಗೂ ಸರ್ಕಾರ ಕೊಡುವ ಗುರುತಿನ ಸಂಖ್ಯೆಯಾದ ಯುಡೈಸ್ ಸಂಖ್ಯೆಯನ್ನು ಪಾಸ್‌ವರ್ಡ್ ಮಾಡಬೇಡಿ. ಆ 11 ಅಂಕಿ ಗುಟ್ಟಲ್ಲ, ಕರ್ನಾಟಕದ್ದೆಲ್ಲ 29ರಿಂದಲೇ ಶುರುವಾಗುತ್ತದೆ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಸೇರಿಸಿ ಬರೆದರೆ ನೆನಪಿಡುವುದು ಸುಲಭ, ಊಹಿಸುವುದು ಕಷ್ಟ. ಹಾಗೆಯೇ ಹಂಚಿಕೊಳ್ಳುವ ಕಂಪ್ಯೂಟರಿನಲ್ಲಿ ಕ್ರೋಮ್‌ನ ‘ಗೆಸ್ಟ್’ ಕಿಟಕಿಯನ್ನೇ ತೆರೆಯುವ ಅಭ್ಯಾಸ ಮಾಡಿಸಿ. ಒಂದು ಮಗು ಲಾಗಿನ್ ಆಗಿ ಹಾಗೇ ಎದ್ದುಹೋದರೆ ಮುಂದಿನ ಪೀರಿಯಡ್‌ನವರಿಗೆ ಅದರ ಮೇಲ್, ಹುಡುಕಿದ ಪಟ್ಟಿ ಎಲ್ಲ ತೆರೆದೇ ಇರುತ್ತದೆ.

ಹೆಚ್ಚು ಹೊತ್ತು ಕೊಡಬೇಕಾದ್ದು ಫಾರ್ವರ್ಡ್‌ಗಳನ್ನು ಪರೀಕ್ಷಿಸುವ ಪಾಠಕ್ಕೆ. ಇದಕ್ಕೆ ನಮ್ಮ ರಾಜ್ಯ ಜೀವದ ಬೆಲೆ ತೆತ್ತಿದೆ. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟವರನ್ನು ಮಕ್ಕಳ ಕಳ್ಳರೆಂದು ವಾಟ್ಸ್‌ಆ್ಯಪ್‌ನಲ್ಲಿ ಹಬ್ಬಿಸಿದ್ದರಿಂದ ಜನರ ಗುಂಪು ಹೈದರಾಬಾದಿನ ಯುವಕನೊಬ್ಬನನ್ನು ಹೊಡೆದು ಕೊಂದಿತು. ಆ ವರ್ಷ ದೇಶದ ತುಂಬ ಓಡಾಡಿದ ಒಂದು ವಿಡಿಯೊದಲ್ಲಿ, ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಜಾಗೃತಿಗೆಂದು ಮಾಡಿದ ಕಿರುಚಿತ್ರ. ಕೊನೆಯಲ್ಲಿ ಅವರೇ ಮಗುವನ್ನು ತಂದು ಬಿಟ್ಟು ಫಲಕ ಹಿಡಿದು ತೋರಿಸುತ್ತಾರೆ. ಆ ಕೊನೆಯ ತುಣುಕನ್ನು ಕತ್ತರಿಸಿ ಹರಡಿದ್ದರು. ಸುಳ್ಳು ಎಂದರೆ ಇಲ್ಲದ್ದನ್ನು ಸೃಷ್ಟಿಸುವುದಷ್ಟೇ ಅಲ್ಲ, ಇದ್ದುದನ್ನು ಕತ್ತರಿಸುವುದೂ ಹೌದು ಎಂದು ತಿಳಿಸಲು ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಡ. ಹಲ್ಲೆಯ ದೃಶ್ಯಗಳನ್ನು ಮಾತ್ರ ತರಗತಿಯಲ್ಲಿ ತೋರಿಸಕೂಡದು.

ನಲವತ್ತು ನಿಮಿಷದ ಪೀರಿಯಡ್‌ಗೆ ಒಂದು ಸ್ಮಾರ್ಟ್ ಟಿವಿ ಅಥವಾ ಒಂದೇ ಫೋನು ಸಾಕು. ನೆಟ್‌ವರ್ಕ್ ಸಿಗದ ಊರಿನಲ್ಲಿ ಹಿಂದಿನ ದಿನವೇ ಸ್ಕ್ರೀನ್‌ಶಾಟ್‌ಗಳ ಪ್ರಿಂಟ್ ತೆಗೆದಿಟ್ಟುಕೊಳ್ಳಬೇಕು. ಮೊದಲ ಐದು ನಿಮಿಷ ಯಾರೂ ಮಾತಾಡದೆ ಬರೆಯಬೇಕು: ಇದನ್ನು ಹೇಳಿದವರು ಯಾರು, ಯಾವತ್ತು, ಎಲ್ಲಿ, ನನ್ನಿಂದ ಏನು ಮಾಡಿಸಲು ನೋಡುತ್ತಿದೆ? ಆಮೇಲೆ ಸಂದೇಶದ ತಲೆಯ ಮೇಲೆ ಎರಡು ಬಾಣದ ಗುರುತಿದೆಯೇ ನೋಡಬೇಕು. ಅದಿದ್ದರೆ ಸಂದೇಶ ಕನಿಷ್ಠ ಐದು ಕೈ ದಾಟಿ ಬಂದಿದೆ ಎಂದರ್ಥ. ಅಂಥದನ್ನು ಒಮ್ಮೆಗೆ ಒಂದೇ ಚಾಟ್‌ಗೆ ಕಳಿಸುವಂತೆ ವಾಟ್ಸ್‌ಆ್ಯಪ್ 2020ರಲ್ಲಿ ಕಡಿವಾಣ ಹಾಕಿತು. ನಂತರ ವಿಡಿಯೊದ ಮೂರು ಚೌಕಟ್ಟುಗಳನ್ನು ಆರಿಸಿ, ಚಿತ್ರ ಕೊಟ್ಟು ಹುಡುಕುವ ಸಾಧನವಾದ ಗೂಗಲ್ ಲೆನ್ಸ್‌ಗೆ ಕೊಡಬೇಕು: ಶುರುವಿನದ್ದು ಒಂದು, ಅಂಗಡಿ ಬೋರ್ಡೋ ಗಾಡಿ ನಂಬರೋ ಕಾಣುವುದು ಒಂದು, ಕೊನೆಯದು ಒಂದು.

ಇಲ್ಲಿ ಮಕ್ಕಳು ಎಡವುವ ಜಾಗಗಳು ಗೊತ್ತಿರಬೇಕು. ಲೆನ್ಸ್ ಅದೇ ಚಿತ್ರದ ಜೊತೆಗೆ ಅದನ್ನು ಹೋಲುವ ಚಿತ್ರಗಳನ್ನೂ ತೋರಿಸುತ್ತದೆ. ಮೊದಲ ಫಲಿತಾಂಶವೇ ಮೂಲ ಎಂದು ಮಕ್ಕಳು ನಂಬಿಬಿಡುತ್ತಾರೆ. ದಿನಾಂಕ ನೋಡಿ ಅತಿ ಹಳೆಯದನ್ನು ಹುಡುಕಬೇಕು. ಎಡಬಲ ತಿರುಗಿಸಿದ, ಅಂಚು ಕತ್ತರಿಸಿದ ಚಿತ್ರ ಸಿಗದೆ ಹೋಗಬಹುದು. ಕನ್ನಡದಲ್ಲಿ ಮಾತ್ರ ಹುಡುಕಿದರೆ ಫಲಿತಾಂಶ ತೀರ ಕಡಿಮೆ ಬರುತ್ತದೆ, ಊರಿನ ಹೆಸರನ್ನು ಇಂಗ್ಲಿಷಿನಲ್ಲೂ ಕೊಟ್ಟು ನೋಡಬೇಕು. ಏನೂ ಸಿಗಲಿಲ್ಲ ಎಂದಾಕ್ಷಣ ಸುಳ್ಳು ಎಂದು ತೀರ್ಪು ಕೊಡುವಂತಿಲ್ಲ. ‘ಗೊತ್ತಾಗಲಿಲ್ಲ, ಆದ್ದರಿಂದ ಮುಂದೆ ಕಳಿಸುವುದಿಲ್ಲ’ ಎಂಬ ಉತ್ತರಕ್ಕೆ ಪೂರ್ತಿ ಅಂಕ ಕೊಡಿ. ಅಭ್ಯಾಸಕ್ಕೆ ಜಾತಿ, ಧರ್ಮ, ಪಕ್ಷಗಳ ಫಾರ್ವರ್ಡ್ ಬೇಡ. ಮನೆಮದ್ದಿನ ಪವಾಡ, ಉಚಿತ ಲ್ಯಾಪ್‌ಟಾಪ್, ವಿದ್ಯಾರ್ಥಿವೇತನದ ಲಿಂಕ್ ಧಾರಾಳವಾಗಿವೆ.

ಲಿಂಕ್ ಓದುವುದನ್ನು ಕಪ್ಪು ಹಲಗೆಯ ಮೇಲೇ ಕಲಿಸಬಹುದು. ವಿಳಾಸದಲ್ಲಿ ಮೊದಲ ಒಂಟಿ ಓರೆಗೆರೆಯನ್ನು ಹುಡುಕಿ, ಅಲ್ಲಿಂದ ಎಡಕ್ಕೆ ಓದಬೇಕು. ವಿದ್ಯಾರ್ಥಿವೇತನದ ನಿಜವಾದ ತಾಣ ‘ಎಸ್‌ಎಸ್‌ಪಿ ಡಾಟ್ ಕರ್ನಾಟಕ ಡಾಟ್ ಗವ್ ಡಾಟ್ ಇನ್’. ಅದೇ ಪದಗಳೆಲ್ಲ ಇದ್ದು ಕೊನೆಯಲ್ಲಿ ಬೇರೆ ಹೆಸರು, ಡಾಟ್ ಕಾಮ್ ಎಂದಿದ್ದರೆ ತಾಣದ ಯಜಮಾನ ಆ ಕೊನೆಯ ಹೆಸರಿನವನು. ಬೀಗದ ಗುರುತು ಇದೆಯಲ್ಲ ಎಂದು ಮಕ್ಕಳು ಕೇಳುತ್ತಾರೆ. ನಡುದಾರಿಯಲ್ಲಿ ಯಾರೂ ಓದಲಾರರು ಎಂಬುದಷ್ಟೇ ಅದರ ಅರ್ಥ. ಆಚೆ ತುದಿಯಲ್ಲಿ ಕೂತವನು ಪ್ರಾಮಾಣಿಕ ಎಂದು ಅದು ಹೇಳುವುದಿಲ್ಲ.

ಎಐ ಬಂದ ಮೇಲೆ ಕನ್ನಡ ತರಗತಿಗೇ ಒಂದು ಒಳ್ಳೆಯ ಅಭ್ಯಾಸ ಸಿಕ್ಕಿದೆ. ಮಳೆಯ ಮೇಲೆ ಬಸವಣ್ಣನವರ ವಚನವೊಂದನ್ನು ಕೊಡು ಎಂದು ಚಾಟ್‌ಬಾಟ್‌ಗೆ ಕೇಳಿ. ‘ಕೂಡಲಸಂಗಮದೇವಾ’ ಎಂದು ಮುಗಿಯುವ ನಾಲ್ಕೈದು ಸಾಲು ಕ್ಷಣದಲ್ಲಿ ಬರುತ್ತದೆ. ಅಂಕಿತ ಇದೆ, ಧಾಟಿಯೂ ಸುಮಾರಾಗಿದೆ, ಆದರೆ ಆ ವಚನ ಎಲ್ಲಿಯೂ ಇಲ್ಲದಿರಬಹುದು. ಯಂತ್ರ ಸಾಲುಗಳನ್ನು ಹುಡುಕಿ ತರದೆ ತಾನೇ ಹೆಣೆದಿದ್ದರೆ ಹೀಗಾಗುತ್ತದೆ. ಈಗ ಮಕ್ಕಳು ಅದರಲ್ಲಿನ ಅಪರೂಪದ ಒಂದು ಪದ ಆರಿಸಿ ‘ವಚನ ಸಂಚಯ’ ಜಾಲತಾಣದಲ್ಲಿ ಹುಡುಕಲಿ, ಇಲ್ಲವೇ ವಚನದ ಮೊದಲ ಪದ ಹಿಡಿದು ಗ್ರಂಥಾಲಯದ ವಚನ ಸಂಪುಟದ ಮೊದಲ ಸಾಲಿನ ಸೂಚಿಯಲ್ಲಿ ನೋಡಲಿ. ಇಡೀ ಸಾಲನ್ನು ಹುಡುಕಿದರೆ ನಿಜವಾದ ವಚನವೂ ಸಿಗದೆ ಹೋಗಬಹುದು, ಏಕೆಂದರೆ ‘ಅಯ್ಯ’, ‘ಅಯ್ಯಾ’ ಎಂಬಂಥ ಕಾಗುಣಿತದ ವ್ಯತ್ಯಾಸಗಳೂ ಪಾಠಭೇದಗಳೂ ಇರುತ್ತವೆ. ಚೆನ್ನಮಲ್ಲಿಕಾರ್ಜುನ, ಗುಹೇಶ್ವರ ಅಂಕಿತಗಳಿಗೂ ಇದನ್ನೇ ಮಾಡಿಸಬಹುದು. ಎಐ ಕೊಟ್ಟದ್ದನ್ನು ಪರಿಶೀಲಿಸದೆ ಪ್ರಾಜೆಕ್ಟ್ ಪುಸ್ತಕಕ್ಕೆ ಇಳಿಸಿದರೆ ಹನ್ನೆರಡನೇ ಶತಮಾನದವರ ಬಾಯಿಗೆ ಅವರು ಆಡದ ಮಾತು ತುರುಕಿದಂತೆ ಎಂದು ಮಕ್ಕಳಿಗೆ ಬೇಗ ಮನದಟ್ಟಾಗುತ್ತದೆ. ಎಐ ಬಳಸಿದ ಹೋಂವರ್ಕ್‌ಗೆ ನಿಷೇಧಕ್ಕಿಂತ ಎರಡು ನಿಮಿಷದ ಮೌಖಿಕ ಪ್ರಶ್ನೆ ಪರಿಣಾಮಕಾರಿ.

ಮನೆಯ ಫೋನಿನಲ್ಲಿ ಹಣವೂ ಇದೆ. ಹಣ ಪಡೆಯಲು ಯುಪಿಐ ಪಿನ್ ಬೇಡ, ಪಿನ್ ಒತ್ತಿದರೆ ಹೋಗುವುದು ನಮ್ಮದೇ ಹಣ. ಇದನ್ನು ಮಕ್ಕಳು ಅಜ್ಜ ಅಜ್ಜಿಗೆ ಹೇಳಿ ಬರುವಂತೆ ಹೋಂವರ್ಕ್ ಕೊಡಬಹುದು. ವಾಟ್ಸ್‌ಆ್ಯಪ್‌ನ ಸೆಟ್ಟಿಂಗ್ಸ್, ಅಕೌಂಟ್‌ಗೆ ಹೋಗಿ ‘ಟೂ-ಸ್ಟೆಪ್ ವೆರಿಫಿಕೇಶನ್’ನಲ್ಲಿ ಆರಂಕಿಯ ಪಿನ್ ಇಡಿಸಲಿ. ಇಮೇಲನ್ನೂ ಸೇರಿಸಬೇಕು, ಇಲ್ಲದಿದ್ದರೆ ಪಿನ್ ಮರೆತಾಗ ಏಳು ದಿನ ಕಾಯಬೇಕಾದೀತು. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ. ಬೇಗ ಹೇಳಿದಷ್ಟೂ ಆ ಹಣ ಮುಂದಿನ ಖಾತೆಗೆ ಜಿಗಿಯುವ ಮೊದಲು ತಡೆಯುವ ಸಾಧ್ಯತೆ ಹೆಚ್ಚು.

ಎಲ್ಲಕ್ಕಿಂತ ಗಂಭೀರವಾದದ್ದು, ಬಾಲಕಿಯೊಬ್ಬಳ ಫೋಟೊ ತಿರುಚಿ ಹರಡಿದಾಗ ಶಾಲೆ ಏನು ಮಾಡಬೇಕೆಂಬುದು. ಸಾಕ್ಷಿಗೆಂದು ಆ ಚಿತ್ರವನ್ನು ಶಿಕ್ಷಕರು ತಮ್ಮ ಫೋನಿಗೆ ಹಾಕಿಸಿಕೊಳ್ಳಬಾರದು, ಸಹೋದ್ಯೋಗಿಗಳಿಗೆ ಕಳಿಸಲೇಬಾರದು. ಮಕ್ಕಳ ಅಶ್ಲೀಲ ಚಿತ್ರವನ್ನು ಸಂಗ್ರಹಿಸುವುದೂ ಹಂಚುವುದೂ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಮಿನಡಿ ಅಪರಾಧ. ಖಾತೆಯ ಹೆಸರು, ಲಿಂಕ್, ದಿನಾಂಕ, ಸಮಯ ಬರೆದಿಟ್ಟುಕೊಂಡು ಆ ಆ್ಯಪ್‌ನಲ್ಲೇ ರಿಪೋರ್ಟ್ ಮಾಡಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಕೊಡಬೇಕು. ಮಹಿಳೆಯರು, ಮಕ್ಕಳ ವಿಷಯದಲ್ಲಿ ಹೆಸರು ಹೇಳದೆಯೂ ಕೊಡಬಹುದು. ಪೋಕ್ಸೊ (ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಕಾಯ್ದೆ) ಅಡಿಯ ಅಪರಾಧ ಎಂದು ತಿಳಿದ ಮೇಲೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ಶಾಲೆಯ ಮಾನ ಹೋಗುತ್ತದೆಂದು ಮುಚ್ಚಿಟ್ಟರೆ ಅದೇ ಅಪರಾಧ. ಮಕ್ಕಳ ಸಹಾಯವಾಣಿ 1098. ಮನೆಯವರು ಮೊದಲು ಮಾಡುವುದು ಹುಡುಗಿಯ ಫೋನು ಕಿತ್ತುಕೊಳ್ಳುವುದು, ಶಾಲೆ ಬಿಡಿಸುವುದು. ಹಾಗೆ ಮಾಡಿದರೆ ಮುಂದಿನ ಹುಡುಗಿ ಯಾರಿಗೂ ಹೇಳುವುದೇ ಇಲ್ಲ. ಮುಖ್ಯ ಶಿಕ್ಷಕರು ಅವತ್ತೇ ಆ ಮನೆಗೆ ಹೋಗಿ, ತಪ್ಪು ಅವಳದಲ್ಲ, ನಾಳೆ ಅವಳು ತರಗತಿಯಲ್ಲಿರಬೇಕು ಎಂದು ಹೇಳುವುದು ಯಾವ ಆ್ಯಪ್‌ಗಿಂತಲೂ ದೊಡ್ಡ ರಕ್ಷಣೆ.

ಶಿಕ್ಷಣ ಇಲಾಖೆಯಲ್ಲಿ ನಮ್ಮ ಕೋರಿಕೆ ಇಷ್ಟು. ಎಂಟು, ಒಂಬತ್ತನೇ ತರಗತಿಗಳಿಗೆ ವಾರಕ್ಕೆ ಒಂದು ಪೀರಿಯಡ್ ವೇಳಾಪಟ್ಟಿಯಲ್ಲೇ ಇರಲಿ. ಅದನ್ನು ಗಣಕ ಶಿಕ್ಷಕರೊಬ್ಬರ ತಲೆಗೆ ಕಟ್ಟದೆ ಭಾಷೆ, ಸಮಾಜ ವಿಜ್ಞಾನದವರೂ ಹಂಚಿಕೊಳ್ಳಲಿ. ಮಕ್ಕಳ ಮುಖ ಕಾಣುವ ಫೋಟೊಗಳನ್ನು ವರದಿಗೆ ಕೇಳುವುದು ನಿಲ್ಲಲಿ. ಜೂನ್ ತಿಂಗಳ ದಾಖಲಾತಿ ಅರ್ಜಿಯಲ್ಲಿ ಫೋಟೊ ಒಪ್ಪಿಗೆಗೆ ಎರಡು ಬೇರೆ ಬೇರೆ ಚೌಕಗಳಿರಲಿ, ಶಾಲೆಯ ಕಡತಕ್ಕೆ ಒಂದು, ಹೊರಗೆ ಹಂಚುವುದಕ್ಕೆ ಇನ್ನೊಂದು, ಎರಡರಲ್ಲೂ ‘ಬೇಡ’ ಎಂದು ಗುರುತು ಹಾಕಲು ಜಾಗವಿರಲಿ.

ಇತಿ,
ಪ್ರೌಢಶಾಲಾ ಶಿಕ್ಷಕರು, ಹಾಸನ ಜಿಲ್ಲೆ