ಟರ್ಬೊ ಟ್ಯೂನಿಂಗ್‌ನ ಲೋಪ ಮತ್ತು ಪಾರ್ಕಿಂಗ್ ಬಿಲ್ಲಿನ ಕುರಿತು ದೂರು

ಇವರಿಗೆ,
ವ್ಯವಸ್ಥಾಪಕ ಪಾಲುದಾರರು,
ಪರ್ಫಾರ್ಮೆನ್ಸ್ ಕಾರ್ ಗ್ಯಾರೇಜ್,
ಬೆಂಗಳೂರು.

ವಿಷಯ: ನನ್ನ ಸ್ಕೋಡಾ ಲಾರಾ 1.8 ಟಿಎಸ್‌ಐ ಕಾರಿಗೆ ತಾವು ಅಳವಡಿಸಿದ ಟರ್ಬೊ ಕಿಟ್, ಅದರ ಟ್ಯೂನಿಂಗ್, ಮತ್ತು ತಾವೀಗ ಕಳುಹಿಸಿರುವ ಪಾರ್ಕಿಂಗ್ ಬಿಲ್.

ಮಾನ್ಯರೇ,

ನಿನ್ನೆ ಸಂಜೆ ತಮ್ಮ ಸಂಸ್ಥೆಯಿಂದ ನನ್ನ ಮೊಬೈಲಿಗೆ ಒಂದು ಬಿಲ್ ಬಂದಿದೆ. ನನ್ನ ಕಾರು ತಮ್ಮ ಆವರಣದಲ್ಲಿ ನಿಂತಿದ್ದಕ್ಕೆ ದಿನಕ್ಕೆ 300 ರೂಪಾಯಿಯಂತೆ ಬಾಡಿಗೆ, ಅದರ ಮೇಲೆ ಶೇಕಡ 18ರ ಜಿಎಸ್‌ಟಿ. ತಮ್ಮೊಂದಿಗಿನ ಇಷ್ಟು ಕಾಲದ ವ್ಯವಹಾರದಲ್ಲಿ ಜಿಎಸ್‌ಟಿ ಸಂಖ್ಯೆಯಿರುವ ಕಾಗದವೊಂದನ್ನು ನಾನು ನೋಡಿದ್ದು ಇದೇ ಮೊದಲು. ಟರ್ಬೊ, ಇಂಟರ್‌ಕೂಲರ್, ಡೌನ್‌ಪೈಪ್, ಕ್ಲಚ್, ಟ್ಯೂನಿಂಗ್ ಇವೆಲ್ಲಕ್ಕೂ ಹಣವನ್ನು ಯುಪಿಐ ಮೂಲಕ ಒಬ್ಬ ವ್ಯಕ್ತಿಯ ಖಾತೆಗೆ ಹಾಕಿಸಿಕೊಂಡು, ಬಿಲ್ ಕೇಳಿದಾಗಲೆಲ್ಲ "ಅಕೌಂಟೆಂಟ್ ರಜೆ" ಎನ್ನುತ್ತಿದ್ದ ಸಂಸ್ಥೆಗೆ, ಕೆಟ್ಟು ನಿಂತ ಕಾರಿನ ಬಾಡಿಗೆಯ ಹೊತ್ತಿಗೆ ಅಕೌಂಟೆಂಟ್ ರಜೆ ಮುಗಿಸಿ ಬಂದದ್ದು ಸಂತೋಷದ ವಿಷಯ. ಫೋನಿನಲ್ಲಿ ಸೌಜನ್ಯದಿಂದಲೇ ಮುಗಿಸಬೇಕೆಂದಿದ್ದ ಮಾತನ್ನು ಈ ಬಿಲ್ಲಿನ ಕಾರಣದಿಂದ ಲಿಖಿತವಾಗಿ ಹೇಳಬೇಕಾಗಿದೆ.

ಕಂಪನಿಯಿಂದ ಬಂದಾಗ 160 ಪಿಎಸ್ ಶಕ್ತಿಯೂ 250 ಎನ್‌ಎಂ ಟಾರ್ಕೂ ಇದ್ದ ಈ ಆರು ಗೇರಿನ ಮ್ಯಾನ್ಯುಯಲ್ ಕಾರನ್ನು 402 ಮೀಟರ್ ಡ್ರ್ಯಾಗ್ ಓಟಕ್ಕೆ ಅಣಿಗೊಳಿಸಬೇಕು, ಆದರೆ ಎಸಿ, ಹಿಂದಿನ ಸೀಟು ಯಾವುದನ್ನೂ ತೆಗೆಯಬಾರದು ಎಂಬುದು ನನ್ನ ಬೇಡಿಕೆಯಾಗಿತ್ತು. ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಕಂಪನಿಯ ಕೆ03 ಟರ್ಬೊ ತೆಗೆದು ಅದಕ್ಕಿಂತ ದೊಡ್ಡದಾದ ಕೆ04 ಕೂರಿಸಿ, ಹೈ ಪ್ರೆಷರ್ ಫ್ಯೂಯೆಲ್ ಪಂಪ್ ಬದಲಿಸಿ, ಶಾಖವನ್ನು ಬೇಗ ಬಿಟ್ಟುಕೊಡುವ, ಒಂದು ಹಂತ ತಂಪಾದ ಸ್ಪಾರ್ಕ್ ಪ್ಲಗ್‌ಗಳನ್ನು 0.6 ಮಿ.ಮೀ. ಗ್ಯಾಪಿನಲ್ಲಿ ಹಾಕಿ, 1.3 ಬಾರ್ ಟರ್ಬೊ ಒತ್ತಡದಲ್ಲಿ ಚಕ್ರದ ಬಳಿ 275 ಅಶ್ವಶಕ್ತಿ ಕೊಡುವುದಾಗಿ ತಾವು ಜಾಬ್ ಕಾರ್ಡಿನಲ್ಲಿ ಬರೆದುಕೊಟ್ಟಿರಿ. ಒಳಗಿನ ಪಿಸ್ಟನ್ ಮತ್ತು ಕನೆಕ್ಟಿಂಗ್ ರಾಡ್ ಕಂಪನಿಯವೇ ಇರಲಿ, ಟ್ಯೂನ್ ಸರಿಯಿದ್ದರೆ ಈ ಮಟ್ಟವನ್ನು ಅವು ತಡೆಯುತ್ತವೆ ಎಂದು ಸಲಹೆ ಕೊಟ್ಟವರೂ ತಾವೇ. ಆ ವಾಕ್ಯದಲ್ಲಿ "ಟ್ಯೂನ್ ಸರಿಯಿದ್ದರೆ" ಎಂಬ ಭಾಗಕ್ಕೆ ಎಷ್ಟು ತೂಕವಿತ್ತೆಂದು ನನಗೀಗ ಅರ್ಥವಾಗುತ್ತಿದೆ.

ಕಾರಿನ ಶಕ್ತಿಯನ್ನು ಅಳೆಯುವ ಡೈನೊ ಯಂತ್ರದ ಹಾಳೆಯ ವಿಷಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ದಪ್ಪಕ್ಷರದಲ್ಲಿ 278 ಎಂದಿರುವ ಆ ಹಾಳೆಯ ಕೆಳಮೂಲೆಯಲ್ಲಿ, ಓದಲು ಭೂತಗನ್ನಡಿ ಬೇಕಾಗುವಷ್ಟು ಸಣ್ಣದಾಗಿ, ಕರೆಕ್ಷನ್ ಫ್ಯಾಕ್ಟರ್ 1.12 ಎಂದು ಅಚ್ಚಾಗಿದೆ. ಅಂದರೆ ಯಂತ್ರ ನಿಜವಾಗಿ ಅಳೆದದ್ದು 248. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿನ ಗಾಳಿ ತೆಳುವೆಂಬುದೂ, ಟರ್ಬೊ ಇಲ್ಲದ ಎಂಜಿನ್ನಿಗೆ ಆ ನಷ್ಟವನ್ನು ಲೆಕ್ಕದಲ್ಲಿ ಕೂಡಿಸಿ ತೋರಿಸುವುದು ನ್ಯಾಯವೆಂಬುದೂ ನನಗೆ ಗೊತ್ತು. ಆದರೆ ಟರ್ಬೊ ಎಂಜಿನ್ನಿನ ನಿಯಂತ್ರಣ ಕಂಪ್ಯೂಟರ್ ಆದ ಇಸಿಯು, ಎಂಜಿನ್ನಿಗೆ ಹೋಗುವ ಗಾಳಿಯ ಒತ್ತಡವನ್ನು ತನ್ನ ಗುರಿಯ ಮಟ್ಟದಲ್ಲಿ ಹಿಡಿದಿಡುತ್ತದೆ. ತೆಳು ಗಾಳಿಯ ಕೊರತೆಯನ್ನು ಟರ್ಬೊ ಇನ್ನಷ್ಟು ವೇಗವಾಗಿ ತಿರುಗಿ ಬಹುಮಟ್ಟಿಗೆ ತಾನೇ ತುಂಬಿಕೊಳ್ಳುತ್ತದೆ. ಅದು ಈಗಾಗಲೇ ತುಂಬಿಕೊಂಡದ್ದರ ಮೇಲೆ ಇನ್ನೂ ಶೇಕಡ 12 ಸೇರಿಸಿ ಒಪ್ಪಂದದ ಅಂಕಿಯನ್ನು ಮೂರೇ ಕುದುರೆಗಳಿಂದ ದಾಟಿಸಿದ್ದು ಟ್ಯೂನರನ ಕೌಶಲವೋ ಗಣಿತಜ್ಞನ ಕೌಶಲವೋ ತಾವೇ ನಿರ್ಧರಿಸಬೇಕು.

ಇದನ್ನಾದರೂ ಸಹಿಸಿಕೊಳ್ಳಬಹುದಿತ್ತು. ಲೋಣಾವಳ ಸಮೀಪದ ಆಂಬಿ ವ್ಯಾಲಿ ಏರ್‌ಸ್ಟ್ರಿಪ್ಪಿನಲ್ಲಿ ನಡೆದ ಸ್ಪರ್ಧೆಗೆ ಕಾರನ್ನು ಫ್ಲ್ಯಾಟ್‌ಬೆಡ್ ಲಾರಿಯಲ್ಲಿ ಕಳುಹಿಸಿ, ಹಣ ಕಟ್ಟಿ, ತಪಾಸಣೆ ಮುಗಿಸಿ ಸಾಲಿನಲ್ಲಿ ನಿಂತೆ. ಮೂರನೇ ಗೇರಿನ ಕೊನೆಯಲ್ಲಿ, ಸುಮಾರು 5,800 ಆರ್‌ಪಿಎಂನಲ್ಲಿ, ಎಂಜಿನ್ ಒಮ್ಮೆ ಜಗ್ಗಿ, ಹಿಂದೆ ನೀಲಿ ಹೊಗೆ ಎದ್ದಿತು. ಕ್ರ್ಯಾಂಕ್‌ಕೇಸಿನ ಒತ್ತಡಕ್ಕೆ ಡಿಪ್‌ಸ್ಟಿಕ್ ಹಾರಿ ಆಯಿಲ್ ಟ್ರ್ಯಾಕಿನ ಮೇಲೆ ಚೆಲ್ಲಿದ್ದರಿಂದ ಸ್ಪರ್ಧೆಯನ್ನು ಕೆಲಕಾಲ ನಿಲ್ಲಿಸಿ ಸ್ವಚ್ಛಗೊಳಿಸಬೇಕಾಯಿತು.

ಕಾರನ್ನು ನೇರವಾಗಿ ತಮ್ಮಲ್ಲಿಗೇ ತಂದೆ. ಆ ದಿನ ತಮ್ಮ ಸ್ವಾಗತ ಕೊಠಡಿಯಲ್ಲಿ ನಡೆದದ್ದು ತಮಗೆ ತಿಳಿದಿದೆಯೋ ಇಲ್ಲವೋ ಎಂಬ ಅನುಮಾನವಿರುವುದರಿಂದ ವಿವರವಾಗಿ ಬರೆಯುತ್ತೇನೆ. ಪೋಲೊ ಕಾರಿಗೆ ರೀಮ್ಯಾಪ್ ಮಾಡಿಸಲು ಬಂದಿದ್ದ ಮೂವರು ಹುಡುಗರು ಸೋಫಾದಲ್ಲಿ ಕುಳಿತಿದ್ದರು. ನನಗೆ ಟೈರುಗಳ ಪಕ್ಕದ ಪ್ಲಾಸ್ಟಿಕ್ ಸ್ಟೂಲ್ ತೋರಿಸಲಾಯಿತು. ತಮ್ಮ ಮುಖ್ಯ ಟ್ಯೂನರ್ ಕಾರಿನ ಬಾನೆಟ್ಟನ್ನೂ ತೆರೆಯದೆ ಕೇಳಿದ ಮೊದಲ ಪ್ರಶ್ನೆ, "ಯಾವ ಪೆಟ್ರೋಲ್ ಹಾಕ್ಸಿದ್ರಿ ಸರ್?" 100 ಆಕ್ಟೇನ್ ಪೆಟ್ರೋಲಿನ ರಸೀದಿಗಳನ್ನು ಮುಂದಿಟ್ಟೆ. ಅವರು ಅವುಗಳನ್ನು ತಿರುಗಿಸಿಯೂ ನೋಡದೆ, "ಬಿಲ್ ಇದ್ರೆ ಆಯ್ತಾ? ಟ್ಯಾಂಕಿಗೆ ಏನು ಬಿಟ್ಟ ಅಂತ ನೀವು ನೋಡಿದ್ರಾ?" ಎಂದರು. ಎಂಜಿನ್ನಿನ ನಡೆಯೆಲ್ಲ ದಾಖಲಾಗುವ ಲಾಗ್ ಫೈಲ್ ತೆರೆದರೆ ಯಾವ ಸಿಲಿಂಡರಿನಲ್ಲಿ ನಾಕ್ (ಇಂಧನ ತಾನಾಗಿ ಸಿಡಿದುಬಿಡುವುದು) ಬಂದಿದೆ, ಇಸಿಯು ಕಿಡಿಯ ಟೈಮಿಂಗನ್ನು ಎಷ್ಟು ಡಿಗ್ರಿ ಹಿಂದಕ್ಕೆಳೆದಿದೆ ಎಂಬುದೆಲ್ಲ ತಿಳಿಯುತ್ತದಲ್ಲ ಎಂದೆ. "ಲಾಗ್ ಆಮೇಲೆ ಸರ್. ಮೊದ್ಲು ನಿಮಗೆ ಲಾಂಚ್ ಮಾಡೋಕೆ ಬರುತ್ತಾ ನೋಡೋಣ" ಎಂದು, ಅಂದರೆ ನಿಂತ ಕಾರನ್ನು ಓಟಕ್ಕೆ ಹೊರಡಿಸಲು ಬರುತ್ತದೆಯೇ ಎಂದು, ಕೊಠಡಿಯ ಮೂಲೆಯಲ್ಲಿರುವ ವಿಡಿಯೊ ಗೇಮ್ ಸಿಮ್ಯುಲೇಟರಿನ ಕಡೆ ಕೈ ತೋರಿಸಿದರು.

ನನಗೆ 46 ವರ್ಷ. ಲಾಗ್ ಕೊಡುತ್ತಾರೆಂಬ ಒಂದೇ ಆಸೆಯಿಂದ ಆ ಸೀಟಿನಲ್ಲಿ ಕುಳಿತೆ. ಕ್ಲಚ್ ಬಿಟ್ಟೊಡನೆ ಪರದೆಯ ಮೇಲಿನ ಕಾರು ನಿಂತುಹೋಯಿತು. ಇನ್ನೊಮ್ಮೆ ಮಾಡಿ ಎಂದರು; ಮತ್ತೆ ನಿಂತಿತು. ಸೋಫಾದಿಂದ ನಗು ಕೇಳಿಸಿತು. "ನೋಡಿದ್ರಲ್ಲ, ಮಷೀನ್ ಕರೆಕ್ಟಾಗೇ ಇರುತ್ತೆ, ಓಡ್ಸೋರ್ದು ಪ್ರಾಬ್ಲಮ್ಮು" ಎಂದು ಟ್ಯೂನರ್ ನನಗಲ್ಲ, ಆ ಹುಡುಗರಿಗೆ ವಿವರಿಸಿದರು. ಎದ್ದು ನಿಂತಾಗ ನನ್ನ ಕಣ್ಣಿಗೆ ಬಿದ್ದದ್ದೇನೆಂದರೆ, ಕ್ಲಚ್ ಪೆಡಲಿನ ವೈರು ಯಾವುದಕ್ಕೂ ಸಿಕ್ಕಿಸದೆ ರಬ್ಬರ್ ಬ್ಯಾಂಡಿನಲ್ಲಿ ಸುತ್ತಿ ನೆಲದ ಮೇಲೆ ಬಿದ್ದಿತ್ತು. ಅದನ್ನು ತೋರಿಸಿದಾಗ ಅವರು ಕೊಟ್ಟ ಉತ್ತರ, "ಅದು ಹೋದ ವಾರದಿಂದ ಹಾಗೇ ಇದೆ." ಲಾಂಚ್ ಆಗುವುದು ಮೊದಲ ಗೇರಿನಲ್ಲಿ, ಎಂಜಿನ್ ಒಡೆದದ್ದು ಮೂರನೆಯದರಲ್ಲಿ ಎಂಬ ಮಾತನ್ನು ಕೇಳಿಸಿಕೊಳ್ಳುವ ವ್ಯವಧಾನ ಅಲ್ಲಿ ಯಾರಿಗೂ ಇರಲಿಲ್ಲ. ಲಾಗ್ ಕೇಳಿದ್ದಕ್ಕೆ, ಟ್ಯೂನ್ ಫೈಲ್ ಸಂಸ್ಥೆಯ ಬೌದ್ಧಿಕ ಆಸ್ತಿ ಎಂಬ ಉತ್ತರ ಬಂತು. ನಾನು ಕೇಳಿದ್ದು ಟ್ಯೂನ್ ಫೈಲನ್ನಲ್ಲ. ನನ್ನ ಎಂಜಿನ್ ಹೇಗೆ ಸತ್ತಿತೆಂಬ ದಾಖಲೆಯನ್ನು.

ಎಂಜಿನ್ ಬಿಚ್ಚಿ ನೋಡಿ ಎಂದು ಎಷ್ಟು ಕೇಳಿದರೂ "ಬೇ ಖಾಲಿಯಿಲ್ಲ" ಎಂಬ ಉತ್ತರವೇ ಬರುತ್ತಿದ್ದುದರಿಂದ, ಕಾರನ್ನು ಹೊರಗೊಯ್ದು ಅನುಭವಿ ಎಂಜಿನ್ ಮೇಸ್ತ್ರಿಯೊಬ್ಬರಲ್ಲಿ ಬಿಚ್ಚಿಸಿ, ಆರಂಭದಿಂದ ಕೊನೆಯವರೆಗೆ ವಿಡಿಯೊ ಮಾಡಿಸಿದ್ದೇನೆ. ಕಂಪ್ರೆಷನ್ ಪರೀಕ್ಷೆಯಲ್ಲಿ ನಾಲ್ಕರಲ್ಲಿ ಮೂರು ಸಿಲಿಂಡರುಗಳು 170 ಪಿಎಸ್‌ಐ ಆಸುಪಾಸಿನಲ್ಲಿದ್ದರೆ ಮೂರನೇ ನಂಬರಿನದು 60ಕ್ಕೆ ನಿಂತಿತು. ಆ ಸಿಲಿಂಡರಿನ ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ ಮೆಣಸಿನ ಪುಡಿ ಉದುರಿಸಿದಂತೆ ಸಣ್ಣ ಚುಕ್ಕೆಗಳಿದ್ದವು. ಬೆಳಕಿಗೆ ಹಿಡಿದರೆ ಅವುಗಳ ನಡುವೆ ಬೆಳ್ಳಗೆ ಮಿನುಗುವ ಅಲ್ಯೂಮಿನಿಯಂ ಕಣಗಳೂ ಕಂಡವು. ಪ್ಲಗ್ಗಿನಲ್ಲಿ ಲೋಹರೂಪದ ಅಲ್ಯೂಮಿನಿಯಂ ಇರುವುದಿಲ್ಲ, ಪಿಸ್ಟನ್ನಿನಲ್ಲಿ ಇರುತ್ತದೆ. ಹೆಡ್ ತೆಗೆದು ಪಿಸ್ಟನ್ ಹೊರಗೆಳೆದಾಗ ಮೊದಲನೆಯ ಮತ್ತು ಎರಡನೆಯ ರಿಂಗುಗಳ ನಡುವಿನ ಅಂಚು ಹೆಬ್ಬೆರಳಗಲ ಮುರಿದುಹೋಗಿತ್ತು. ಪೂರ್ತಿ ಲೋಡಿನಲ್ಲಿ ನಾಕ್ ಆದರೆ ಮೊದಲು ಬಿರಿಯುವುದು ಇದೇ ಜಾಗವೆಂದು ತಮ್ಮಂಥವರಿಗೆ ನಾನು ಹೇಳಿಕೊಡಬೇಕಿಲ್ಲ.

ಪ್ಲಗ್‌ಗಳ ಬಗ್ಗೆ ಮಾತ್ರ ಹೇಳಿಕೊಡಬೇಕಾಗಿದೆ. ಒಂದು ಹಂತ ತಂಪಾದವು ಎಂದು ಹಣ ಪಡೆದ ಆ ನಾಲ್ಕೂ ಪ್ಲಗ್‌ಗಳ ಮೇಲಿರುವ ಸಂಖ್ಯೆ ಕಂಪನಿಯ ಮೂಲ ಪ್ಲಗ್‌ಗಳದ್ದು, ಮತ್ತು ಫೀಲರ್ ಗೇಜ್ ತೋರಿಸಿದ ಗ್ಯಾಪ್ 0.9 ಮಿ.ಮೀ. ಇದು ಮರೆವಿನಿಂದ ಆದದ್ದೆನ್ನಲು ಜಾಬ್ ಕಾರ್ಡಿನಲ್ಲಿ "ಬದಲಿಸಲಾಗಿದೆ" ಎಂಬ ಟಿಕ್ ಗುರುತು ಅಡ್ಡ ಬರುತ್ತದೆ.

ಜಾಬ್ ಕಾರ್ಡಿನ ಹಿಂಬದಿಯ ನಿಯಮಗಳನ್ನು ಇಲ್ಲಿ ಪೂರ್ತಿಯಾಗಿ ಬರೆಯುವುದಿಲ್ಲ. ಅಚ್ಚು ಹಾಕಿಸಿದವರು ತಾವೇ. 4ನೇ ನಿಯಮದ ಪ್ರಕಾರ ಟ್ಯೂನಿಂಗ್ ನಂತರದ ಲಾಗ್‌ನ ಪ್ರತಿ ಗ್ರಾಹಕರಿಗೆ ಸೇರಬೇಕು. 7ನೇ ನಿಯಮದ ಪ್ರಕಾರ ಕಳಚಿದ ಹಳೆಯ ಭಾಗಗಳನ್ನು ಡೆಲಿವರಿಯ ದಿನವೇ ಹಿಂತಿರುಗಿಸಬೇಕು. ಸುಸ್ಥಿತಿಯಲ್ಲಿದ್ದ ನನ್ನ ಕೆ03 ಟರ್ಬೊ ಈಗ ಯಾರ ಕಾರಿನಲ್ಲಿ ತಿರುಗುತ್ತಿದೆ ಎಂದು ತಿಳಿದರೆ ಅವರಿಗೊಂದು ಶುಭಾಶಯ ಹೇಳುತ್ತೇನೆ. ಬೇರೆಡೆ ಬಿಚ್ಚಿಸಿದ್ದರಿಂದ ವಾರಂಟಿ ಅನ್ವಯಿಸದು ಎಂದು ಪಾರ್ಕಿಂಗ್ ಬಿಲ್ಲಿನ ಜೊತೆಗೇ ಬರೆದಿದ್ದೀರಿ. ಆದರೆ 9ನೇ ನಿಯಮವು ದೂರು ಬಂದ ಏಳು ಕೆಲಸದ ದಿನಗಳೊಳಗೆ ಸಂಸ್ಥೆಯೇ ತಪಾಸಣೆ ಮಾಡಬೇಕೆಂದು ಹೇಳುತ್ತದೆ. ಆ ಅವಧಿ ಮುಗಿದ ಮೇಲೆಯೇ ನಾನು ಬಿಚ್ಚಿಸಿದ್ದು.

ಆದ್ದರಿಂದ ಟ್ಯೂನಿಂಗ್ ಮತ್ತು ಪ್ಲಗ್ಗಿನ ಹಣ, ಎಂಜಿನ್ ದುರಸ್ತಿಯ ವೆಚ್ಚ, ಲಾಗ್ ಫೈಲ್, ನನ್ನ ಹಳೆಯ ಟರ್ಬೊ ಇವಿಷ್ಟನ್ನು 15 ದಿನಗಳೊಳಗೆ ಕೊಟ್ಟು, ಪಾರ್ಕಿಂಗ್ ಬಿಲ್ಲನ್ನು ಹಿಂಪಡೆಯತಕ್ಕದ್ದು. ಕೊಡುತ್ತೀರೆಂಬ ಭರವಸೆ ನನಗೆ ಹೆಚ್ಚೇನೂ ಇಲ್ಲ.

ಕೊಡದಿದ್ದಲ್ಲಿ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿಯಲ್ಲಿ ಸೇವಾ ನ್ಯೂನತೆಗಾಗಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ. ಬಿಲ್ ಕೊಡದಿರುವುದೂ ಅದೇ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ. ಯುಪಿಐ ಪಾವತಿಗಳ ಪಟ್ಟಿಯನ್ನು ಜಿಎಸ್‌ಟಿ ಅಧಿಕಾರಿಗಳಿಗೂ ಕಳುಹಿಸುತ್ತೇನೆ. ಅಕೌಂಟೆಂಟರಿಗೆ ಮತ್ತೆ ರಜೆ ಕೊಡದಿದ್ದರೆ ಒಳ್ಳೆಯದು.

ಹೊರಡುವಾಗ ತಮ್ಮ ಟ್ಯೂನರ್, "ಎಲ್ಲಿಗೆ ಬೇಕಾದ್ರೂ ಹೋಗಿ ಸರ್, ಮಾಡಿಫೈ ಮಾಡ್ಸಿದ ಗಾಡಿ, ನೀವೇ ಸಿಕ್ಕಾಕ್ಕೊಳ್ತೀರಿ" ಎಂದಿದ್ದರು. ವಾಹನದ ಅನಧಿಕೃತ ಬದಲಾವಣೆಯನ್ನು ತಡೆಯುವ ಮೋಟಾರು ವಾಹನ ಕಾಯ್ದೆಯ 52ನೇ ವಿಧಿಯನ್ನು ನಾನೂ ಓದಿದ್ದೇನೆ, 182ಎ ವಿಧಿಯನ್ನೂ ಓದಿದ್ದೇನೆ. ಮಾಲೀಕನಿಗೆ ಅದರಲ್ಲಿ ಆರು ತಿಂಗಳವರೆಗಿನ ಸೆರೆ ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ ಇವೆ. ಅದಕ್ಕೆ ಸಿದ್ಧನಾಗಿಯೇ ನಾನು ಸಾರಿಗೆ ಇಲಾಖೆಯ ಮೆಟ್ಟಿಲು ಹತ್ತುತ್ತೇನೆ. ಆದರೆ ಕೈಯಲ್ಲಿ ನನ್ನೊಬ್ಬನ ಕಾಗದವಿರುವುದಿಲ್ಲ. ತಮ್ಮ ಸ್ವಾಗತ ಕೊಠಡಿಯ ಗೋಡೆಗೆ, ಒಂದೊಂದರ ಕೆಳಗೂ ಅಶ್ವಶಕ್ತಿ ಬರೆದು, ನಂಬರ್ ಪ್ಲೇಟ್ ಕಾಣುವಂತೆಯೇ ತಾವು ತೂಗುಹಾಕಿರುವ ಗ್ರಾಹಕರ ಕಾರುಗಳ ಚಿತ್ರಗಳನ್ನು ನಾನು ಆ ಸ್ಟೂಲಿನ ಮೇಲೆ ಕುಳಿತಿದ್ದಾಗಲೇ ಒಂದೂ ಬಿಡದೆ ಮೊಬೈಲಿನಲ್ಲಿ ತೆಗೆದುಕೊಂಡಿದ್ದೇನೆ.

ಇಂತಿ,
ಜಾಬ್ ಕಾರ್ಡಿನಲ್ಲಿ ಸಹಿ ಮಾಡಿರುವ ಗ್ರಾಹಕ

ಅಡಕ: ಜಾಬ್ ಕಾರ್ಡ್, ಡೈನೊ ಹಾಳೆ, ಪೆಟ್ರೋಲ್ ರಸೀದಿಗಳ ಪ್ರತಿ, ಪಿಸ್ಟನ್ ಮತ್ತು ಪ್ಲಗ್‌ಗಳ ಚಿತ್ರಗಳು. ವಿಡಿಯೊ ಸದ್ಯಕ್ಕೆ ನನ್ನಲ್ಲೇ ಇರುತ್ತದೆ.