ಹದ್ದಿನ ಗೆಲುವು ಹಾಡುಹಕ್ಕಿಗೆ ಮಾದರಿಯಾಗದು

ಮಾನ್ಯ ಸಂಪಾದಕರೇ,

ಅಮೆರಿಕದ ಬಿಳಿತಲೆಯ ಹದ್ದು, ಅಂದರೆ ಬಾಲ್ಡ್ ಈಗಲ್, ಅಳಿವಿನಂಚಿನಿಂದ ಪಾರಾಗಿ ಬಂದ ಬಗೆಯನ್ನು ವಿವರಿಸಿ ತಮ್ಮ ಪತ್ರಿಕೆ ಪ್ರಕಟಿಸಿದ ಲೇಖನವು, ಅಪರೂಪದ ಬೇರೆ ಹಕ್ಕಿಗಳನ್ನೂ ಇದೇ ಹಾದಿಯಲ್ಲಿ ಉಳಿಸಿಕೊಳ್ಳಬಹುದು ಎಂಬ ಭಾವನೆ ಮೂಡಿಸುತ್ತದೆ. ಅದೇ ದೇಶದ ಕರ್ಟ್‌ಲ್ಯಾಂಡ್ ವಾರ್ಬ್ಲರ್ ಎಂಬ, ಸುಮಾರು 14 ಗ್ರಾಂ ತೂಗುವ ಹಾಡುಹಕ್ಕಿಯ ವೃತ್ತಾಂತವನ್ನು ಬಲ್ಲವರು ಇದನ್ನು ಒಪ್ಪಲಾರರು.

ಹದ್ದಿಗೆ ಬಂದೊದಗಿದ್ದ ಮುಖ್ಯ ವಿಪತ್ತು ಡಿಡಿಟಿ ಎಂಬ ಕೀಟನಾಶಕ. ಮೀನುಗಳ ಮೂಲಕ ಹದ್ದಿನ ಮೈ ಸೇರಿದ ಈ ವಿಷದಿಂದ ಮೊಟ್ಟೆಯ ಚಿಪ್ಪು ತೆಳುವಾಗಿ, ಕಾವಿಗೆ ಕೂತ ಹಕ್ಕಿಯ ಭಾರಕ್ಕೇ ಒಡೆಯುತ್ತಿತ್ತು. ಅಲಾಸ್ಕಾ ಮತ್ತು ಹವಾಯಿ ಬಿಟ್ಟು ಉಳಿದ ರಾಜ್ಯಗಳಲ್ಲಿ 1963ರಲ್ಲಿ ಕಂಡದ್ದು 417 ಜೋಡಿಗಳು ಮಾತ್ರ. 1972ರಲ್ಲಿ ಡಿಡಿಟಿ ನಿಷೇಧವಾಯಿತು. ಗೂಡುಗಳಿಗೆ ಕಾನೂನಿನ ರಕ್ಷಣೆಯೂ ಇತ್ತು. 2007ರಲ್ಲಿ ಹದ್ದು ಅಳಿವಿನ ಅಪಾಯದಲ್ಲಿರುವ ಜೀವಿಗಳ ಸರ್ಕಾರಿ ಪಟ್ಟಿಯಿಂದ ಹೊರಬಂದಿತು. ಮೀನಿರುವ ನೀರು, ಗೂಡಿಗೊಂದು ದೊಡ್ಡ ಮರ ಇದ್ದಲ್ಲೆಲ್ಲ ಬದುಕಬಲ್ಲ ಹಕ್ಕಿಯಾದ್ದರಿಂದ, ಮನುಷ್ಯ ತನ್ನ ಕೆಡುಕನ್ನು ನಿಲ್ಲಿಸಿದ್ದೇ ಬಹುಪಾಲು ಸಾಕಾಯಿತು.

ವಾರ್ಬ್ಲರ್‌ಗೆ ಅಷ್ಟು ಸಾಲದು. ಹೆಚ್ಚಾಗಿ ಮಿಷಿಗನ್ ರಾಜ್ಯದಲ್ಲಿ, ಸುಮಾರು ಐದರಿಂದ ಇಪ್ಪತ್ತು ವರ್ಷ ವಯಸ್ಸಿನ ಜ್ಯಾಕ್ ಪೈನ್ ಮರಗಳ ತಗ್ಗು ಕೊಂಬೆಗಳ ಮರೆಯಲ್ಲಿ, ನೆಲದ ಮೇಲೆ ಅದು ಗೂಡು ಕಟ್ಟುತ್ತದೆ. ಮರ ಎತ್ತರಕ್ಕೆ ಬೆಳೆದು ಕೆಳಗಿನ ಕೊಂಬೆಗಳು ಒಣಗಿದರೆ ಹಕ್ಕಿ ಆ ಜಾಗ ತೊರೆಯುತ್ತದೆ. ಜ್ಯಾಕ್ ಪೈನಿನ ಕಾಯಿಗಳು ಬಹುಮಟ್ಟಿಗೆ ಬೆಂಕಿಯ ಶಾಖಕ್ಕೆ ಬಿರಿದು ಬೀಜ ಉದುರಿಸುವಂಥವು. ಕಾಳ್ಗಿಚ್ಚನ್ನು ಶ್ರದ್ಧೆಯಿಂದ ಆರಿಸುತ್ತ ಹೋದಂತೆ ಎಳೆಯ ಕಾಡೇ ಇಲ್ಲವಾಯಿತು. ಕಾಡು ಕಡಿದ ಪ್ರದೇಶಗಳಿಗೆ ಹಬ್ಬಿದ ಕೌಬರ್ಡ್ ಎಂಬ ಹಕ್ಕಿ, ನಮ್ಮ ಕೋಗಿಲೆಯ ಹಾಗೆ, ಪರರ ಗೂಡಿನಲ್ಲಿ ಮೊಟ್ಟೆಯಿಟ್ಟು ಉಳಿದ ಮರಿಗಳನ್ನೂ ಕಸಿಯಿತು. 1974ರಲ್ಲಿಯೂ 1987ರಲ್ಲಿಯೂ ಗಣತಿಗೆ ಸಿಕ್ಕಿದ್ದು ಹಾಡುವ 167 ಗಂಡು ವಾರ್ಬ್ಲರ್‌ಗಳು ಮಾತ್ರ. 1980ರಲ್ಲಿ ಇದೇ ಹಕ್ಕಿಗಾಗಿ ಎಳೆಯ ಕಾಡು ಬೆಳೆಸಲೆಂದು ಹಚ್ಚಿದ ಬೆಂಕಿ ಮಿಷಿಗನ್‌ನ ಮ್ಯಾಕ್ ಲೇಕ್ ಬಳಿ ಕೈಮೀರಿ, ಸುಮಾರು 24,000 ಎಕರೆ ಸುಟ್ಟು, ಅರಣ್ಯ ಇಲಾಖೆಯ ನೌಕರರೊಬ್ಬರನ್ನು ಬಲಿ ಪಡೆಯಿತು. ಮುಂದಿನ ದಶಕದಲ್ಲಿ ವಾರ್ಬ್ಲರ್‌ಗಳು ಹೆಚ್ಚಿದ್ದು, ವಿಪರ್ಯಾಸವೆಂದರೆ, ಆ ಸುಟ್ಟ ನೆಲದಲ್ಲಿ ಎದ್ದ ಹೊಸ ಕಾಡಿನಲ್ಲಿಯೇ.

2019ರಲ್ಲಿ ಈ ಹಕ್ಕಿಯನ್ನೂ ಪಟ್ಟಿಯಿಂದ ಕೈಬಿಡಲಾಯಿತು. ಆದರೆ ಹಳೆಯ ಪೈನ್ ಕಡಿದು ಹೊಸ ಸಸಿ ನೆಡುವ ಕೆಲಸ ನಿಂತಿಲ್ಲ, ನಿಲ್ಲಿಸುವಂತೆಯೂ ಇಲ್ಲ. ಕೌಬರ್ಡ್ ಕಾಟ ಈಚೆಗೆ ತಗ್ಗಿರಬಹುದು, ಮರಗಳಿಗೆ ವಯಸ್ಸಾಗುವುದು ತಪ್ಪುವುದೇ? ಪಟ್ಟಿಯಿಂದ ಹೊರಬರುವುದೆಂದರೆ ಹದ್ದಿಗೆ ಬಹುಮಟ್ಟಿಗೆ ಬಿಡುಗಡೆ. ವಾರ್ಬ್ಲರ್‌ಗೆ ಆರೈಕೆಯ ಹೊಣೆ ಬೇರೊಂದು ಕಡತಕ್ಕೆ ವರ್ಗವಾದಂತೆ. ಮುಂದೆ ಯಾವುದೇ ಜೀವಿ ಇಂಥ ಪಟ್ಟಿಯಿಂದ ಹೊರಬಂದ ಸುದ್ದಿಯನ್ನು ತಾವು ಪ್ರಕಟಿಸುವಾಗ, ಅದು ಇನ್ನು ತಾನಾಗಿ ಬದುಕಬಲ್ಲದೇ, ಇಲ್ಲವಾದರೆ ಅದರ ಖರ್ಚನ್ನು ಯಾರು, ಎಷ್ಟು ಕಾಲ ಭರಿಸುತ್ತಾರೆ ಎಂಬುದನ್ನೂ ತಿಳಿಸಬೇಕೆಂದು ಕೋರುತ್ತೇನೆ.

ಇತಿ,
ತಮ್ಮ ಓದುಗ