ಟೋಪಿ ತೆಗೆದಿಟ್ಟ ಹಾಡುಗಾರ

ಪ್ರೀತಿಯ ತಮ್ಮನಿಗೆ,

ಅಮೆರಿಕದ ಹಾಡುಗಾರ, ನಟ ಡ್ವೈಟ್ ಯೋಕಮ್ ಬಗ್ಗೆ ನೀನು ಬರೆದ ಲೇಖನ ಕೈಸೇರಿ ಹದಿನೈದು ದಿನವಾಯಿತು. ಎರಡು ಸಲ ಸುಮ್ಮನೆ ಓದಿದೆ, ಮೂರನೆಯ ಸಲ ಕೆಂಪು ಪೆನ್ನು ಹಿಡಿದು ಕುಳಿತೆ. ಆರು ಪುಟಗಳಲ್ಲಿ ನಾಲ್ಕನ್ನು ಹೊಡೆದುಹಾಕಿದ್ದೇನೆ. ಬೇಸರ ಮಾಡಿಕೊಳ್ಳಬೇಡ. ಉಳಿದ ಎರಡು ಪುಟಗಳಲ್ಲಿ ಜೀವ ಇರುವುದರಿಂದಲೇ ಇಷ್ಟುದ್ದದ ಪತ್ರ ಬರೆಯುತ್ತಿದ್ದೇನೆ. ಇಲ್ಲದಿದ್ದರೆ ‘ಓದಿದೆ, ಸಂತೋಷ’ ಎಂದು ಒಂದು ಕಾರ್ಡು ಗೀಚಿ ಕೈತೊಳೆದುಕೊಳ್ಳುತ್ತಿದ್ದೆ.

ಮೊದಲು ಹೋದದ್ದು ‘ಬಹುಮುಖ ಪ್ರತಿಭೆ’. ಅದು ಸನ್ಮಾನಪತ್ರದ ಮಾತು. ಶಾಲು, ಹಾರ, ಹಣ್ಣಿನ ಬುಟ್ಟಿಯ ಜೊತೆಗೆ ಬರುವ ಮಾತು. ಯೋಕಮ್‌ನಂಥವನಿಗೆ ಅದನ್ನು ಹೊದಿಸಿದರೆ ಅವನ ಮುಖವೇ ಕಾಣುವುದಿಲ್ಲ.

ಎರಡನೆಯದಾಗಿ ಅವನನ್ನು ‘ಅಮೆರಿಕದ ಜಾನಪದ ಗಾಯಕ’ ಎಂದು ಕರೆದಿದ್ದೀಯ. ಇಲ್ಲಿ ನೀನೊಬ್ಬನೇ ಎಡವಿಲ್ಲ, ನಮ್ಮ ಪತ್ರಿಕೆಗಳಲ್ಲಿಯೂ ಹೀಗೆ ಅಚ್ಚಾದದ್ದನ್ನು ನೋಡಿದ್ದೇನೆ. ಜಾನಪದ ಎಂದೊಡನೆ ನಮಗೆ ಕರ್ತೃ ಯಾರೆಂದು ಕೇಳಬೇಕಿಲ್ಲದ ಹಾಡು ನೆನಪಾಗುತ್ತದೆ: ಬೀಸುವ ಕಲ್ಲು, ಸೋಬಾನೆ, ಕಂಸಾಳೆ. ಯೋಕಮ್ ಹಾಡುವ ಕಂಟ್ರಿ ಸಂಗೀತದ ಬೇರು ಅಂಥ ಹಾಡಿನಲ್ಲಿದೆ, ನಿಜ. ಆದರೆ ಅದು ಬೆಳೆದದ್ದು 1920ರ ದಶಕದಿಂದ ಈಚೆಗೆ, ರೇಡಿಯೊ ಮತ್ತು ಗ್ರಾಮಫೋನ್ ತಟ್ಟೆಯ ಮೇಲೆ. ಬರೆದವನ ಹೆಸರು, ಹಾಡಿದವನ ಹೆಸರು, ಮಾರಿದ ಕಂಪನಿ, ನ್ಯಾಶ್‌ವಿಲ್ ಎಂಬ ರಾಜಧಾನಿ ಎಲ್ಲವೂ ಇರುವ ಉದ್ಯಮ ಅದು. ಕಂಟ್ರಿ ಎಂದೇ ಬರೆ. ಓದುಗ ದಡ್ಡನಲ್ಲ.

ಆಮೇಲೆ ಆ ಪಟ್ಟಿ. ಮೂವತ್ತಕ್ಕೂ ಹೆಚ್ಚು ಸಿನಿಮಾ ಮತ್ತು ಧಾರಾವಾಹಿಗಳ ಹೆಸರನ್ನು ಇಸವಿಸಹಿತ ಬರೆದಿದ್ದೀಯ. ಕಷ್ಟಪಟ್ಟಿದ್ದೀಯ, ಗೊತ್ತಾಗುತ್ತದೆ. ಆದರೆ ಮದುವೆ ಮನೆಯ ಮುಯ್ಯಿ ಪುಸ್ತಕ ಓದಿದ ಹಾಗಿದೆ. ಯಾರು ಎಷ್ಟು ಕೊಟ್ಟರು ಎಂದು ತಿಳಿಯುತ್ತದೆ, ಮದುವೆ ಹೇಗಾಯಿತು ಎಂದು ತಿಳಿಯುವುದಿಲ್ಲ.

ಹಾಗಾದರೆ ಏನು ಬರೆಯಬೇಕು? ನೀನೇ ನಾಲ್ಕನೆಯ ಪುಟದಲ್ಲಿ, ನಿನಗೇ ಅರಿವಿಲ್ಲದಂತೆ ಒಂದು ಸಾಲು ಬಿಟ್ಟಿದ್ದೀಯ: ‘ಈ ಚಿತ್ರದಲ್ಲಿ ಅವರು ಟೋಪಿ ಧರಿಸಿಲ್ಲ.’ ಅಷ್ಟೇ ಹೇಳಿ ಮುಂದಿನ ಚಿತ್ರಕ್ಕೆ ಓಡಿದ್ದೀಯ. ಅಯ್ಯಾ, ಅಲ್ಲೇ ನಿಲ್ಲಬೇಕಿತ್ತು.

ಯೋಕಮ್‌ಗೆ ಟೋಪಿ ಎಂದರೆ ಏನು ಯೋಚಿಸು. 1986ರಲ್ಲಿ ಅವನ ಮೊದಲ ಪೂರ್ಣ ಆಲ್ಬಂ ಬಂದಾಗಿನಿಂದ ಆ ಅಗಲ ಅಂಚಿನ ಕೌಬಾಯ್ ಟೋಪಿ ಹುಬ್ಬಿನ ತನಕ ಇಳಿದೇ ಇದೆ. ಅದರ ಕೆಳಗೆ ಅರ್ಧ ಮುಖ, ಅದರ ಕೆಳಗೆ ಬಿಗಿಯಾದ ಜೀನ್ಸ್, ಮೊಣಕಾಲು ತಿರುಗಿಸುವ ಆ ಕುಣಿತ. ಟೋಪಿಯಿಲ್ಲದೆ ರಸ್ತೆಗಿಳಿದರೆ ಎಷ್ಟು ಅಭಿಮಾನಿಗಳು ಗುರುತು ಹಿಡಿಯುತ್ತಿದ್ದರೋ ಅನುಮಾನ. ಅಂಥವನು 1996ರ ‘ಸ್ಲಿಂಗ್ ಬ್ಲೇಡ್’ ಚಿತ್ರದಲ್ಲಿ ಬರಿತಲೆಯಲ್ಲಿ ಬಂದು ಕುಳಿತ. ಕೂದಲು ಉದುರಿ ತೆಳ್ಳಗಾದ ನೆತ್ತಿ ಬೆಳಕಿನಲ್ಲಿ ಕಾಣುತ್ತದೆ. ನಲವತ್ತರ ಗಂಡಸು, ತಾರೆ, ಹೆಂಗಸರು ಕಿರುಚುವ ಹಾಡುಗಾರ ತನ್ನ ಬೋಳುತಲೆಯನ್ನು ಕ್ಯಾಮೆರಾಕ್ಕೆ ಒಪ್ಪಿಸಿದ. ನಟನೆ ಅಲ್ಲಿಂದ ಶುರುವಾಯಿತು ಎಂದು ನನ್ನ ಲೆಕ್ಕ.

ಹಾಡುಗಾರರು ಸಿನಿಮಾಕ್ಕೆ ಬರುವುದರಲ್ಲಿ ಹೊಸತೇನಿಲ್ಲ. ಅವರಿಗೆ ಸಾಮಾನ್ಯವಾಗಿ ಸಿಗುವ ಪಾತ್ರವೂ ಹಾಡುಗಾರನದೇ. ಜಾನಿ ಕ್ಯಾಶ್ 1974ರಲ್ಲಿ ‘ಕೊಲಂಬೊ’ ಧಾರಾವಾಹಿಯ ಒಂದು ಕಂತಿನಲ್ಲಿ ಕೊಲೆಗಾರನಾದ, ಆದರೆ ಕೊಲೆಗಾರನೂ ಗಾಯಕನೇ. ಕ್ರಿಸ್ ಕ್ರಿಸ್ಟೊಫರ್ಸನ್‌ಗೆ ಗೋಲ್ಡನ್ ಗ್ಲೋಬ್ ತಂದುಕೊಟ್ಟದ್ದು 1976ರ ‘ಎ ಸ್ಟಾರ್ ಈಸ್ ಬಾರ್ನ್’ ಚಿತ್ರದ ಕುಡುಕ ಗಾಯಕ. ವಿಲ್ಲಿ ನೆಲ್ಸನ್, ಜಾರ್ಜ್ ಸ್ಟ್ರೇಟ್ ಕೂಡ ಇದೇ ದಾರಿ ಹಿಡಿದವರು. ತಪ್ಪೇನಿಲ್ಲ, ಗಿಟಾರು ಕೈಯಲ್ಲಿದ್ದರೆ ಕೈಯನ್ನು ಎಲ್ಲಿಡಬೇಕು ಎಂಬ ಚಿಂತೆ ಇರುವುದಿಲ್ಲ. ಯೋಕಮ್ ಕೂಡ 1993ರ ‘ರೆಡ್ ರಾಕ್ ವೆಸ್ಟ್’ನಲ್ಲಿ ಲಾರಿ ಚಾಲಕನಾಗಿ ಒಂದಿಷ್ಟು ಹೊತ್ತು ಬಂದು ಹೋದಾಗ, ಚಿತ್ರ ಮುಗಿದು ಹೆಸರುಗಳು ಓಡುವಾಗ ಅವನ ಹಾಡೇ ಕೇಳಿಸುತ್ತದೆ. ಒಂದು ಕಾಲು ಇನ್ನೂ ತವರಿನಲ್ಲೇ ಇತ್ತು.

‘ಸ್ಲಿಂಗ್ ಬ್ಲೇಡ್’ನಲ್ಲಿ ಅವನು ಮಾಡಿದ ಡಾಯ್ಲ್ ಬೇರೆ. ಅಮೆರಿಕದ ದಕ್ಷಿಣದ ಒಂದು ಚಿಕ್ಕ ಊರು. ಕಟ್ಟಡ ಕೆಲಸದವನು, ವಿಧವೆಯೊಬ್ಬಳ ಮನೆಯಲ್ಲಿ ಠಿಕಾಣಿ ಹೂಡಿದ ಗಂಡಸು. ಅವಳನ್ನೂ ಅವಳ ಮಗನನ್ನೂ ಬಾಯಿಯಿಂದ ಹೊಡೆಯುತ್ತಾನೆ, ಕೈಯಿಂದಲೂ. ಆ ಮನೆಗೆ ಅವನ ಸ್ನೇಹಿತರು ಬ್ಯಾಂಡು ಎಂಬ ಹೆಸರಿನಲ್ಲಿ ಕೂಡುವ ಒಂದು ದೃಶ್ಯವಿದೆ, ನೆನಪಿದೆಯೇ? ಸಂಗೀತಕ್ಕಿಂತ ಕುಡಿತವೇ ಹೆಚ್ಚು. ನೆತ್ತಿಗೇರಿದ ಮೇಲೆ ಡಾಯ್ಲ್ ಕಿರುಚಿ ಎಲ್ಲರನ್ನೂ ಹೊರದಬ್ಬುತ್ತಾನೆ. ಲಕ್ಷಗಟ್ಟಲೆ ತಟ್ಟೆ ಮಾರಿದ ಹಾಡುಗಾರ ಅಲ್ಲಿ ಕುಳಿತು ಮನೆಹಾಳು ಮೇಳದ ಯಜಮಾನನಾಗುತ್ತಾನೆ. ತಾನು ಯಾರೆಂದು ನಮಗೆ ನೆನಪಿಸುವ ಒಂದೇ ಒಂದು ಸನ್ನೆಯನ್ನೂ ಮಾಡುವುದಿಲ್ಲ.

ಇನ್ನೂ ಒಂದು ಮಾತಿದೆ. ಅವನು ಹಾಡುವ ಬಗೆಯ ಹಾಡುಗಳನ್ನು ಅಮೆರಿಕದವರು ಹಾಂಕಿ ಟಾಂಕ್ ಎನ್ನುತ್ತಾರೆ, ಅಗ್ಗದ ಬಾರಿನ ಹಾಡು. ಅಲ್ಲಿ ಸದಾ ಒಬ್ಬ ಗಂಡಸು ಒಬ್ಬನೇ ಕುಳಿತು ಕುಡಿಯುತ್ತಿರುತ್ತಾನೆ, ಅವಳು ಬಿಟ್ಟುಹೋದಳು ಎಂದು ಅಳುತ್ತಿರುತ್ತಾನೆ. ಆ ಮೂರು ನಿಮಿಷ ನಮ್ಮ ಕರುಣೆಯೆಲ್ಲ ಅವನಿಗೇ. ಅವಳು ಯಾಕೆ ಬಿಟ್ಟಳು ಎಂದು ಹಾಡು ಕೇಳುವುದಿಲ್ಲ. ಡಾಯ್ಲ್ ಅದೇ ಗಿರಾಕಿ. ಆದರೆ ಈಗ ನಾವು ಅವನನ್ನು ಬಾರಿನ ಸ್ಟೂಲಿನಿಂದ ನೋಡುತ್ತಿಲ್ಲ, ಅವಳ ಮನೆಯೊಳಗಿನಿಂದ ನೋಡುತ್ತಿದ್ದೇವೆ. ಹತ್ತು ವರ್ಷ ಆ ಗಂಡಸಿನ ಪರ ವಕೀಲಿಕೆ ಮಾಡಿದವನು ಈಗ ಅವನ ವಿರುದ್ಧದ ಸಾಕ್ಷಿಯಾಗಿ ಕಟಕಟೆ ಹತ್ತುತ್ತಾನೆ. ನಿನ್ನ ಲೇಖನದ ಹೊಟ್ಟೆಯಲ್ಲಿ ಇರಬೇಕಾದದ್ದು ಇದು.

ಡಾಯ್ಲ್‌ನ ಕೊನೆಯ ದೃಶ್ಯವನ್ನೂ ಮತ್ತೆ ನೋಡು. ಹುಡುಗನ ಸ್ನೇಹಿತ ಕಾರ್ಲ್ (ಚಿತ್ರವನ್ನು ಬರೆದು ನಿರ್ದೇಶಿಸಿದ ಬಿಲ್ಲಿ ಬಾಬ್ ಥಾರ್ನ್‌ಟನ್‌ನೇ ಮಾಡಿದ ಪಾತ್ರ) ಹುಲ್ಲು ಕತ್ತರಿಸುವ ಯಂತ್ರದ ಅಲಗು ಹಿಡಿದು ಮನೆಯೊಳಗೆ ಬರುತ್ತಾನೆ. ಪೊಲೀಸರಿಗೆ ಫೋನ್ ಮಾಡುವುದು ಹೇಗೆ ಎಂದು ಕೇಳುತ್ತಾನೆ. ಡಾಯ್ಲ್ ಕುರ್ಚಿಯಿಂದ ಏಳುವುದಿಲ್ಲ. ಗದರುತ್ತಲೇ, ಹಂಗಿಸುತ್ತಲೇ ಯಾವ ಸಂಖ್ಯೆ ಒತ್ತಬೇಕೆಂದು ಹೇಳಿಕೊಡುತ್ತಾನೆ. ಸಾವು ಎದುರಿಗೆ ನಿಂತಿರುವಾಗಲೂ ಆ ಬಾಯಿಗೆ ಇನ್ನೊಂದು ಮಾತು ಬರುವುದಿಲ್ಲ, ಅವನಿಗೆ ಬರುವುದು ಅದೊಂದೇ. ಆ ಬರವಣಿಗೆಗೆ ಥಾರ್ನ್‌ಟನ್‌ಗೆ ಆಸ್ಕರ್ ಬಂತು. ಯೋಕಮ್‌ಗೆ ಆ ಕುರ್ಚಿಗೆ ಅಂಟಿಕೊಂಡೇ ಇರುವ ಧೈರ್ಯವಿತ್ತು. ಹಾಡುಗಾರನಾಗಿದ್ದರೆ ಎದ್ದು ನಿಲ್ಲುತ್ತಿದ್ದ.

ನಿನ್ನ ಪತ್ರದ ಕೊನೆಯಲ್ಲಿ, ಲೇಖನಕ್ಕೆ ಸಂಬಂಧವೇ ಇಲ್ಲವೆಂಬಂತೆ, ಕವಿತೆ ಬರೆಯುವವನು ಕಾದಂಬರಿಗೆ ಕೈ ಹಾಕಿದರೆ ಜನ ನಗುತ್ತಾರೆಯೇ ಎಂದು ಕೇಳಿದ್ದೀಯ. ನಗುತ್ತಾರೆ. ನನ್ನನ್ನು ನೋಡಿ ನಕ್ಕಿದ್ದಾರೆ. ಎರಡು ಕವನ ಸಂಕಲನಗಳ ಹೆಮ್ಮೆಯಲ್ಲಿ ಒಂದು ದೈನಿಕ ಧಾರಾವಾಹಿಗೆ ಸಂಭಾಷಣೆ ಬರೆಯಲು ಒಪ್ಪಿಕೊಂಡೆ. ಹಾಲು ಹಾಕುವವನು ಬಂದು ಬಾಗಿಲು ತಟ್ಟಿ, ‘ಬೆಳಗು ಇನ್ನೂ ನಿಮ್ಮ ಹೊಸಿಲು ದಾಟಿಲ್ಲವೇ ಅಮ್ಮಾ?’ ಎಂದ. ಆ ಪಾತ್ರ ಮಾಡಿದ ಹಳೆಯ ರಂಗನಟ ನನ್ನ ಹತ್ತಿರ ಬಂದು ಬಹಳ ವಿನಯದಿಂದ, ‘ಸಾರ್, ನನ್ನ ಕೈಯಲ್ಲಿ ಕ್ಯಾನ್ ಇದೆ, ಅದರ ಭಾರವೂ ಮಾತಿನಲ್ಲಿ ಬರಲಿ’ ಎಂದರು. ಹದಿನೇಳನೆಯ ಕಂತಿಗೆ ನನ್ನನ್ನು ಕಳಿಸಿಬಿಟ್ಟರು. ಕವಿಯ ಟೋಪಿ ಹಾಕಿಕೊಂಡೇ ಹೋಗಿದ್ದೆ. ನೋಡುವವರಿಗೂ ಟೋಪಿ ಹಾಕಿದೆ. ಕನ್ನಡದಲ್ಲಿ ಈ ಎರಡಕ್ಕೂ ಒಂದೇ ಮಾತಿರುವುದು ಸುಮ್ಮನೆ ಅಲ್ಲ ಎಂದು ಆಗ ಅನ್ನಿಸಿತ್ತು.

ಹಾಗೆಂದು ಯೋಕಮ್‌ನನ್ನು ದೇವರ ಕೋಣೆಯಲ್ಲಿ ಇಡಬೇಡ. 2000ದಲ್ಲಿ ಅವನೇ ಚಿತ್ರಕಥೆಗೆ ಕೈಜೋಡಿಸಿ, ನಿರ್ದೇಶಿಸಿ, ನಾಯಕನಾಗಿ ‘ಸೌತ್ ಆಫ್ ಹೆವನ್, ವೆಸ್ಟ್ ಆಫ್ ಹೆಲ್’ ಎಂಬ ಚಿತ್ರ ಮಾಡಿದ. ಗಲ್ಲಾಪೆಟ್ಟಿಗೆ ಖಾಲಿ. ನೀನು ಇದನ್ನು ‘ನಿರೀಕ್ಷಿತ ಯಶಸ್ಸು ಕಾಣಲಿಲ್ಲ’ ಎಂದು ಮುಚ್ಚಿಟ್ಟಿದ್ದೀಯ. ಮುಚ್ಚಬೇಡ. ಮಕಾಡೆ ಬಿತ್ತು ಎಂದೇ ಬರೆ. ಬೇರೆಯವರ ಕಣ್ಣಿನ ಮುಂದೆ ಕುಳಿತಾಗ ಅಷ್ಟು ಚೆನ್ನಾಗಿ ಕರಗಿದವನು, ಕಣ್ಣು ತನ್ನದೇ ಆದಾಗ ಕರಗಲಿಲ್ಲ. ಅದರ ಹಿಂದೆಯೇ 2002ರಲ್ಲಿ ಡೇವಿಡ್ ಫಿಂಚರ್‌ನ ‘ಪ್ಯಾನಿಕ್ ರೂಮ್’ ಬಂತು. ಅಲ್ಲಿ ಮನೆಗೆ ನುಗ್ಗುವ ಮೂವರಲ್ಲಿ ಅವನು ರೌಲ್. ಬಹಳ ಹೊತ್ತು ಮುಖಕ್ಕೆ ಮುಸುಕು, ಕಾಣುವುದು ಕಣ್ಣು ಮತ್ತು ಬಾಯಿ ಮಾತ್ರ. ಒಮ್ಮೆ ಉಕ್ಕಿನ ಬಾಗಿಲಿಗೆ ಕೈ ಸಿಕ್ಕಿ ಬೆರಳು ಜಜ್ಜಿಹೋಗುತ್ತದೆ. ಗಿಟಾರು ನುಡಿಸುವ ಬೆರಳು! ಇದನ್ನು ಲೇಖನದಲ್ಲಿ ಹಾಕಬೇಡ, ತೀರಾ ಜಾಣತನವಾಗುತ್ತದೆ. ನಿನಗೆ ಮಾತ್ರ ಹೇಳಿದೆ.

ಕಿರುತೆರೆಯ ಬಗ್ಗೆ ಒಂದು ಪ್ಯಾರಾ ಸಾಕು. 1994ರ ‘ರಾಸ್‌ವೆಲ್’ ಟಿವಿ ಚಿತ್ರದಲ್ಲಿ ವಿಚಿತ್ರ ಚೂರುಗಳು ಬಿದ್ದದ್ದನ್ನು ಕಂಡ ದನಗಾಹಿ, ‘ಅಂಡರ್ ದ ಡೋಮ್’ ಧಾರಾವಾಹಿಯಲ್ಲಿ ಕ್ಷೌರಿಕ, 2016ರ ‘ಗೋಲಿಯತ್’ನಲ್ಲಿ ಶಸ್ತ್ರಾಸ್ತ್ರ ಕಂಪನಿಯ ಮುಖ್ಯಸ್ಥ. ಟೋಪಿಯವನಿಗೆ ಕ್ಷೌರದ ಅಂಗಡಿ ಕೊಟ್ಟವರ ತಮಾಷೆಯ ಬುದ್ಧಿಯನ್ನು ಬೇಕಿದ್ದರೆ ಒಂದು ಸಾಲಿನಲ್ಲಿ ಮೆಚ್ಚಿಕೊ. ಚಿಕ್ಕ ಪಾತ್ರ ಎಂದು ಅವನು ಕೈ ಬೀಸಿ ಕಳಿಸಿದವನಲ್ಲ. ‘ವೆಡ್ಡಿಂಗ್ ಕ್ರ್ಯಾಶರ್ಸ್’ನ ಮೊದಲ ದೃಶ್ಯದಲ್ಲಿ ವಿಚ್ಛೇದನಕ್ಕೆ ಕುಳಿತ ಗಂಡನಾಗಿ ಕೆಲವೇ ನಿಮಿಷ ಬರುತ್ತಾನೆ. ಮೇಜಿನ ಆಚೆ ಹೆಂಡತಿ, ಈಚೆ ಅವನು, ಹಂಚಿಕೊಳ್ಳಲು ಉಳಿದಿರುವ ಆಸ್ತಿ ಸಿಟ್ಟು ಒಂದೇ.

ಈಗ ಕೆಲಸದ ಮಾತು. ಪಟ್ಟಿ ತೆಗೆ. ಬ್ಯಾಂಡಿನ ದೃಶ್ಯವನ್ನು ಒಮ್ಮೆ ಶಬ್ದ ನಿಲ್ಲಿಸಿ ನೋಡು, ಇನ್ನೊಮ್ಮೆ ಕಣ್ಣು ಮುಚ್ಚಿ ಕೇಳು. ಡಾಯ್ಲ್ ಕುಳಿತಾಗ ಉಳಿದವರು ಎಲ್ಲಿ ನಿಲ್ಲುತ್ತಾರೆ, ಹುಡುಗ ಯಾವ ಗೋಡೆ ಹಿಡಿದು ನಡೆಯುತ್ತಾನೆ ಎಂದು ಬರೆದುಕೊ. ಅಲ್ಲಿಂದ ಶುರುಮಾಡಿ ಎರಡು ಪುಟ ಬರೆ. ಪ್ರಶಸ್ತಿ, ಆಲ್ಬಂ, ಇಸವಿ ಬೇಕಾದಾಗ ತಾವೇ ಬಾಗಿಲು ತಟ್ಟುತ್ತವೆ. ಕಾದಂಬರಿಯ ಮೊದಲ ಅಧ್ಯಾಯವನ್ನೂ ಕಳಿಸು, ಹೆದರಬೇಡ, ಕೆಂಪು ಪೆನ್ನಿನಲ್ಲಿ ಇನ್ನೂ ಮಸಿ ಇದೆ.

ಇಂತು,
ನಿನ್ನ ಅಣ್ಣ

ಮರೆತಿದ್ದೆ: ಎರಡನೆಯ ಪುಟದಲ್ಲಿ ಅವನು ಹುಟ್ಟಿದ ಪೈಕ್‌ವಿಲ್ ಅನ್ನು ಒಹಾಯೊದಲ್ಲಿ ಇಟ್ಟಿದ್ದೀಯ. ಅದು ಕೆಂಟಕಿಯ ಕಲ್ಲಿದ್ದಲ ಸೀಮೆ. ಒಹಾಯೊ ಅವನು ಬೆಳೆದ ಜಾಗ, ಕೊಲಂಬಸ್ ಊರು. ಅವನ ತಾತ ಗಣಿ ಕಾರ್ಮಿಕ. ಕೆಂಟಕಿಯ ಆ ಬೆಟ್ಟಗಳಿಂದ ಕೂಲಿ ಹುಡುಕಿಕೊಂಡು ಉತ್ತರಕ್ಕೆ ಹೋದ ಜನರ ದಾರಿ 23ನೇ ನಂಬರಿನ ಹೆದ್ದಾರಿ, ಅದರ ಮೇಲೆ ಅವನದೇ ಹಾಡೊಂದಿದೆ. ಭೂಪಟ ತೆಗೆದು ಆ ಗೆರೆಯ ಮೇಲೆ ಒಮ್ಮೆ ಬೆರಳಾಡಿಸು.